ಬೆಳ್ಳಿಯ ತಳದಲ್ಲಿ ಯಾರ ಹೆಸರು?

ಹಳೆಯ ಬೆಳ್ಳಿ ಸಾಮಾನು ಕೈಗೆ ಸಿಕ್ಕರೆ ಬಲ್ಲವರು ಮೊದಲು ಅದನ್ನು ಬೋರಲು ಹಾಕುತ್ತಾರೆ. ಲೋಟವಾದರೆ ತಳ, ಚಮಚವಾದರೆ ಹಿಡಿಯ ಹಿಂಬದಿ, ತಟ್ಟೆಯಾದರೆ ಅಂಚಿನ ಕೆಳಗೆ ನೋಡುತ್ತಾರೆ. ಅಮೆರಿಕದ ಬಾಸ್ಟನ್ ನಗರದಲ್ಲಿ 18ನೇ ಶತಮಾನದ ಕೊನೆಗೆ ತಯಾರಾದ ಚಮಚವನ್ನು ಹೀಗೆ ತಿರುವಿದರೆ, ಬೆರಳ ತುದಿಯಲ್ಲಿ ಮುಚ್ಚಿಹೋಗುವಷ್ಟು ಪುಟ್ಟ ಆಯತದೊಳಗೆ ‘ರಿವಿಯರ್’ ಎಂಬ ಅಕ್ಷರಗಳು ಕಾಣಬಹುದು. ಆ ಚಮಚ ತಯಾರಾದ ಅಂಗಡಿಯ ಯಜಮಾನ ಪಾಲ್ ರಿವಿಯರನ ಗುರುತು ಅದು.

ಇತ್ತ ದೇವನಹಳ್ಳಿ, ಹೊಸಕೋಟೆ ಕಡೆಯ ಹಳೇ ಮನೆಯೊಂದರ ದೇವರ ಗೂಡಿನಿಂದ ಬೆಳ್ಳಿ ಪಂಚಪಾತ್ರೆ ತೆಗೆದು ತಿರುವಿ ನೋಡಿ. ಅಲ್ಲೂ ಅಕ್ಷರ ಇರುತ್ತದೆ. ಮೊನಚು ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಕುಟ್ಟಿ ಬರೆದ ಅಕ್ಷರ. ಓದಿದರೆ ಅದು ಮನೆ ಯಜಮಾನನ ಹೆಸರು, ಇಲ್ಲವೇ ಮದುವೆಯಲ್ಲಿ ಉಡುಗೊರೆ ಕೊಟ್ಟ ಸೋದರಮಾವನ ಹೆಸರು, ಕೆಲವೊಮ್ಮೆ ಊರಿನ ಮೊದಲಕ್ಷರ. ನಮ್ಮ ಮನೆಯ ಚೊಂಬಿನ ಕಂಠದ ಕೆಳಗೆ ಅಜ್ಜಿಯ ಹೆಸರಿದೆ. ಅದನ್ನು ಮಾಡಿದವರು ಯಾರೆಂದು ಕೇಳಿದರೆ ‘ದೊಡ್ಡಬಳ್ಳಾಪುರದ ಆಚಾರ್ರು’ ಎನ್ನುವಲ್ಲಿಗೆ ಮನೆಯವರ ನೆನಪು ನಿಲ್ಲುತ್ತದೆ. ಯಾವ ಆಚಾರ್ರು, ಯಾವ ಬೀದಿಯವರು, ಯಾರ ಮಗ, ಒಂದೂ ಗೊತ್ತಿಲ್ಲ. ಕೊಟ್ಟವರ ಹೆಸರು ಉಳಿಯಿತು, ಇಟ್ಟುಕೊಂಡವರ ಹೆಸರು ಉಳಿಯಿತು, ತಟ್ಟಿದ ಕೈಯ ಹೆಸರು ಉಳಿಯಲಿಲ್ಲ.

ಅಮೆರಿಕದಲ್ಲಿ ಅದು ಉಳಿದದ್ದಕ್ಕೆ ಕಾರಣ ಅಲ್ಲಿನ ಜನ ಕಲೆಗಾರರನ್ನು ನಮಗಿಂತ ಹೆಚ್ಚು ಗೌರವಿಸಿದರು ಎಂಬುದಲ್ಲ. ಕಾರಣ ಇನ್ನೂ ಸರಳ, ಸ್ವಲ್ಪ ವ್ಯವಹಾರದ್ದು.

17ನೇ ಶತಮಾನದ ಬಾಸ್ಟನ್ನಿನಲ್ಲಿ ಬ್ಯಾಂಕ್ ಇರಲಿಲ್ಲ. ವ್ಯಾಪಾರದಲ್ಲಿ ಕೈಸೇರುತ್ತಿದ್ದ ನಾಣ್ಯ ಬಹುಪಾಲು ಸ್ಪೇನಿನದು, ಮೆಕ್ಸಿಕೋ ಮತ್ತು ಪೆರುವಿನ ಗಣಿಗಳ ಬೆಳ್ಳಿ. ಅಂಚು ಕತ್ತರಿಸಿದ್ದು, ಸವೆದದ್ದು, ಬೆರಕೆಯದ್ದು ಎಲ್ಲವೂ ಅದರಲ್ಲಿ ಸೇರಿರುತ್ತಿತ್ತು. 1652ರಲ್ಲಿ ಅಲ್ಲಿನ ಆಡಳಿತ ತನ್ನದೇ ಟಂಕಸಾಲೆ ತೆರೆದಾಗ ಅದನ್ನು ವಹಿಸಿಕೊಂಡವರು ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್ ಎಂಬ ಇಬ್ಬರು ಬೆಳ್ಳಿ ಕೆಲಸಗಾರರು. ಪೈನ್ ಮರದ ಚಿತ್ರವಿದ್ದ ಅವರ ಶಿಲ್ಲಿಂಗ್ ಹೆಸರುವಾಸಿಯಾಯಿತು. ಅದೇ ಇಬ್ಬರು ಮನೆಬಳಕೆಯ ಬಟ್ಟಲು, ಚರ್ಚಿನ ಪಾತ್ರೆಗಳನ್ನೂ ಮಾಡುತ್ತಿದ್ದರು. ಕೈಯಲ್ಲಿ ನಾಣ್ಯ ಸೇರಿದ ಗೃಹಸ್ಥ ಅದನ್ನು ತಂದು ಕರಗಿಸಿ ಪಾತ್ರೆ ಮಾಡಿಸಿಕೊಳ್ಳುತ್ತಿದ್ದ. ನಾಣ್ಯ ಕಳುವಾದರೆ ಯಾರದೆಂದು ಹೇಳುವುದು ಹೇಗೆ? ಪಾತ್ರೆಯ ಮೇಲಾದರೆ ಮನೆತನದ ಅಕ್ಷರ ಇರುತ್ತಿತ್ತು: ಮೇಲೆ ಕುಲನಾಮದ ಮೊದಲಕ್ಷರ, ಕೆಳಗೆ ಅಕ್ಕಪಕ್ಕ ಗಂಡ ಹೆಂಡಿರ ಹೆಸರಿನ ಮೊದಲಕ್ಷರ, ಮೂರೂ ಸೇರಿ ತ್ರಿಕೋನ. ಎಷ್ಟೋ ಪಾತ್ರೆಗಳ ತಳದಲ್ಲಿ ತೂಕವನ್ನೂ ಗೀರಿ ಬರೆದಿರುತ್ತಿದ್ದರು. ಇಲ್ಲಿಯವರೆಗೆ ನಮ್ಮ ಚೊಂಬಿನ ಕತೆಗೂ ಆ ಬಟ್ಟಲಿನ ಕತೆಗೂ ಹೆಚ್ಚು ದೂರವಿಲ್ಲ. ಒಡೆಯನ ಹೆಸರು ಎರಡೂ ಕಡೆ ಇದೆ.

ವ್ಯತ್ಯಾಸ ಬರುವುದು ಮುಂದೆ. ಇಂಗ್ಲೆಂಡಿನಲ್ಲಿ 1300ರಿಂದಲೇ ಬೆಳ್ಳಿಯ ಶುದ್ಧತೆಗೆ ಕಾನೂನು ಇತ್ತು, ಪರೀಕ್ಷೆಯಾದ ಸಾಮಾನಿಗೆ ಚಿರತೆಯ ಮುಖದ ಮುದ್ರೆ ಬೀಳುತ್ತಿತ್ತು. 1363ರಿಂದ ಮಾಡಿದವನ ಗುರುತೂ ಕಡ್ಡಾಯ. 1478ರಿಂದ ವರ್ಷವನ್ನು ಸೂಚಿಸುವ ಅಕ್ಷರವೂ ಸೇರಿತು. ಲಂಡನ್ನಿನ ಅಕ್ಕಸಾಲಿಗರ ಸಂಘದ ಸಭಾಭವನದಲ್ಲಿ, ಅಂದರೆ ‘ಹಾಲ್’ನಲ್ಲಿ, ಹೊಡೆಯುತ್ತಿದ್ದ ಮುದ್ರೆಯಾದ್ದರಿಂದ ಅದಕ್ಕೆ ಹಾಲ್‌ಮಾರ್ಕ್ ಎಂದು ಹೆಸರು. ಸಮುದ್ರ ದಾಟಿ ಅಮೆರಿಕಕ್ಕೆ ಹೋದ ಕೆಲಸಗಾರರ ಜೊತೆ ಆ ಸಭಾಭವನ ಹೋಗಲಿಲ್ಲ. ಬೆಳ್ಳಿಯ ಶುದ್ಧತೆಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಅಲ್ಲಿ ನೆಲೆಯೂರಲೇ ಇಲ್ಲ. 1814ರಿಂದ 1830ರವರೆಗೆ ಬಾಲ್ಟಿಮೋರ್ ನಗರದಲ್ಲಿ ಮಾತ್ರ ಅಂಥದ್ದೊಂದು ಕಚೇರಿ ಕಡ್ಡಾಯವಾಗಿ ನಡೆಯಿತು, ಆಮೇಲೆ ಅದೂ ಸಡಿಲವಾಯಿತು. ಹಾಗಾಗಿ ಗಿರಾಕಿಗೆ ಉಳಿದ ಒಂದೇ ಭರವಸೆ ಮಾಡಿದವನ ಹೆಸರು. ಹಲ್ ತನ್ನ ಎರಡಕ್ಷರ ಒತ್ತಿದ, ಸ್ಯಾಂಡರ್ಸನ್ ತನ್ನದು ಒತ್ತಿದ. ಬೆಳ್ಳಿ ಖೋಟಾ ಎಂದು ಯಾರಾದರೂ ಕೂಗಿದರೆ ಬೀಳುವುದು ಆ ಹೆಸರಿನ ಮೇಲೆಯೇ.

ಈ ಪರಂಪರೆಯಲ್ಲಿ ಎಲ್ಲರಿಗಿಂತ ಹೆಸರಾದವನು ರಿವಿಯರ್. ಅವನ ಅಪ್ಪ ಅಪೊಲೊಸ್ ರಿವಾಯರ್ ಫ್ರಾನ್ಸಿನಿಂದ ಹುಡುಗನಾಗಿದ್ದಾಗಲೇ ಬಾಸ್ಟನ್ನಿಗೆ ಬಂದು ಜಾನ್ ಕೋನಿ ಎಂಬ ಯಜಮಾನನ ಬಳಿ ಕೆಲಸ ಕಲಿತವನು. ಮಗನನ್ನು ಅಮೆರಿಕದ ಮಕ್ಕಳು ನೆನೆಯುವುದು 1775ರ ಏಪ್ರಿಲ್ 18ರ ರಾತ್ರಿ ಕುದುರೆಯೇರಿ ಬ್ರಿಟಿಷ್ ಸೈನ್ಯ ಹೊರಟ ಸುದ್ದಿ ಮುಟ್ಟಿಸಿದ್ದಕ್ಕೆ. ನನಗೆ ಮುಖ್ಯವೆನಿಸುವುದು ಅದಕ್ಕೆ ಏಳು ವರ್ಷ ಮೊದಲಿನ ಎರಡು ಸಂಗತಿ. 1768ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಯ 92 ಸದಸ್ಯರು ಇಂಗ್ಲೆಂಡಿನ ದೊರೆಯ ಅಪ್ಪಣೆಗೆ ಬಗ್ಗದೆ ನಿಂತರು. ಅವರ ಗೌರವಕ್ಕೆ ಸ್ವಾತಂತ್ರ್ಯಪ್ರಿಯರ ಗುಂಪೊಂದು ರಿವಿಯರನಿಂದ ದೊಡ್ಡ ಬೆಳ್ಳಿ ಬಟ್ಟಲು ಮಾಡಿಸಿತು. ಅದೇ ವರ್ಷ ಜಾನ್ ಸಿಂಗಲ್ಟನ್ ಕೋಪ್ಲಿ ಎಂಬ ಚಿತ್ರಕಾರ ರಿವಿಯರನ ಚಿತ್ರ ಬರೆದ. ಗಣ್ಯರೆಲ್ಲ ಕೋಟು, ಕೃತಕ ಕೂದಲು ತೊಟ್ಟು ಚಿತ್ರಕ್ಕೆ ಕೂರುತ್ತಿದ್ದ ಕಾಲದಲ್ಲಿ ಇವನು ಬಿಳಿ ಅಂಗಿಯಲ್ಲಿ, ಕೋಟಿಲ್ಲದೆ, ಎಡಗೈಯಲ್ಲಿ ಬೆಳ್ಳಿಯ ಚಹಾ ಕೆಟಲು ಹಿಡಿದು, ಎದುರಿಗೆ ಕೊರೆಯುವ ಉಳಿಗಳನ್ನು ಇಟ್ಟುಕೊಂಡು ಕೂತಿದ್ದಾನೆ. ಕೆಲಸ ಮಾಡುವವನು ಕೆಲಸದ ವೇಷದಲ್ಲೇ ಗೌರವಕ್ಕೆ ಅರ್ಹ ಎಂಬುದನ್ನು ಆ ಚಿತ್ರ ಹೇಳುತ್ತದೆ. ಬಟ್ಟಲು ಮತ್ತು ಚಿತ್ರ ಎರಡೂ ಬಾಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿವೆ. ಬಟ್ಟಲನ್ನು 1949ರಲ್ಲಿ ಕೊಂಡಾಗ ಶಾಲಾಮಕ್ಕಳು ಕೂಡಿಸಿದ ಚಿಲ್ಲರೆಯೂ ಆ ಹಣದಲ್ಲಿ ಸೇರಿತ್ತು.

ಇಷ್ಟಾದರೂ ಆ ಗುರುತು ಪೂರ್ತಿ ಸತ್ಯ ಹೇಳುವುದಿಲ್ಲ. ಅದು ಯಜಮಾನನ ಗುರುತು. ಅಂಗಡಿಯಲ್ಲಿ ತಿದಿ ಊದಿದ ಹುಡುಗನದ್ದಲ್ಲ, ದಿನಗೂಲಿಯ ಕೆಲಸಗಾರನದ್ದಲ್ಲ. ದಕ್ಷಿಣದ ಚಾರ್ಲ್ಸ್‌ಟನ್ ನಗರದ ಬೆಳ್ಳಿ ಅಂಗಡಿಗಳಲ್ಲಿ ಗುಲಾಮರಾಗಿದ್ದ ಕಪ್ಪು ಕೆಲಸಗಾರರು ನುರಿತ ಕೆಲಸವನ್ನೇ ಮಾಡುತ್ತಿದ್ದರು. ಮುದ್ರೆ ಮಾತ್ರ ಒಡೆಯನದು ಬೀಳುತ್ತಿತ್ತು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡೇ ನಮ್ಮ ಬೆಂಗಳೂರಿಗೆ ಬರಬೇಕು.

ಬ್ರಿಟಿಷರು 1809ರಲ್ಲಿ ಬೆಂಗಳೂರಿನಲ್ಲಿ ದಂಡು ಕಟ್ಟಿದರು. ದಂಡು ಇದ್ದಲ್ಲಿ ಅಧಿಕಾರಿಗಳ ಊಟದ ಮನೆ, ಕುದುರೆ ಪಂದ್ಯ, ವರ್ಗವಾಗಿ ಹೋಗುವವರಿಗೆ ಬೀಳ್ಕೊಡುಗೆ. ಇವೆಲ್ಲಕ್ಕೂ ಬೆಳ್ಳಿ ಬೇಕು. ಇಂದಿನ ಮಹಾತ್ಮ ಗಾಂಧಿ ರಸ್ತೆ ಆಗ ಸೌತ್ ಪರೇಡ್. ಅಲ್ಲಿದ್ದ ಬಾರ್ಟನ್ ಸನ್ ಅಂಡ್ ಕಂಪನಿ ಕಪ್ಪು, ತಟ್ಟೆ, ಚಹಾ ಸೆಟ್ಟುಗಳನ್ನು ಮಾಡಿಸಿ ತಳದಲ್ಲಿ ತನ್ನ ಹೆಸರು ಒತ್ತಿ ಮಾರುತ್ತಿತ್ತು. ಈಗ ಅದೇ ರಸ್ತೆಯ ಬಾರ್ಟನ್ ಸೆಂಟರ್ ಮುಂದೆ ಹಾದುಹೋಗುವವರಲ್ಲಿ ಆ ಹೆಸರಿಗೂ ಬೆಳ್ಳಿಗೂ ಇದ್ದ ನಂಟು ತಿಳಿದವರು ವಿರಳ. ಮದರಾಸಿನ ಮೌಂಟ್ ರಸ್ತೆಯ ಪಿ. ಓರ್ ಅಂಡ್ ಸನ್ಸ್ ಇದಕ್ಕಿಂತ ದೊಡ್ಡದು. ದೇವದೇವತೆಯರ ಮೂರ್ತಿಗಳನ್ನು ಮೈತುಂಬ ಉಬ್ಬಿಸಿ ಕೆತ್ತಿದ ಅವರ ಚಹಾ ಪಾತ್ರೆಗಳನ್ನು ಬಿಳಿಯರು ‘ಸ್ವಾಮಿ ಬೆಳ್ಳಿ’ ಎಂದೇ ಕರೆದರು. ಕಲ್ಕತ್ತೆಯಲ್ಲಿ ಹ್ಯಾಮಿಲ್ಟನ್ ಕಂಪನಿ ಇತ್ತು. ಬೆಂಗಳೂರಿನಲ್ಲೇ 1869ರಲ್ಲಿ ಶುರುವಾದ ಸಿ. ಕೃಷ್ಣಯ್ಯ ಚೆಟ್ಟಿ ಮನೆತನದ ಅಂಗಡಿ ಇಂದಿಗೂ ನಡೆಯುತ್ತಿದೆ.

ಬ್ರಿಟಿಷ್ ಭಾರತದಲ್ಲೂ ಲಂಡನ್ನಿನಂಥ ಪರೀಕ್ಷಾ ಕಚೇರಿ ಇರಲಿಲ್ಲ. ಅಂದರೆ ಸೌತ್ ಪರೇಡಿನ ಸ್ಥಿತಿ ಬಾಸ್ಟನ್ನಿನದ್ದೇ: ಸರ್ಕಾರದ ಮುದ್ರೆ ಇಲ್ಲ, ಅಂಗಡಿಯ ಹೆಸರೇ ಜಾಮೀನು. ಆದರೆ ಸ್ವಾಮಿ ಬೆಳ್ಳಿಯ ಮೇಲೆ ಆ ದೇವತೆಗಳನ್ನು ಉಬ್ಬಿಸಿದ ಕೈ ಯಾವುದು? ಇಂಗ್ಲೆಂಡಿನಿಂದ ಬಂದ ಯಜಮಾನನದ್ದಂತೂ ಅಲ್ಲ. ಅದು ಈ ನೆಲದ ವಿಶ್ವಕರ್ಮರ ಕೈ. ಕಚ್ಛದ ಭುಜ್ ಊರಿನ ಊಮರ್ಸಿ ಮಾವಜಿ ಎಂಬ ಒಬ್ಬ ಭಾರತೀಯ ಕೆಲಸಗಾರ ತನ್ನ ಹೆಸರಿನ ಎರಡು ಇಂಗ್ಲಿಷ್ ಅಕ್ಷರಗಳನ್ನು ತಾನೇ ಒತ್ತಿಕೊಂಡ. ಇವತ್ತು ಜಗತ್ತಿನ ಹರಾಜುಗಳಲ್ಲಿ ಆ ಎರಡಕ್ಷರ ಕಂಡರೆ ಬೆಲೆ ಏರುತ್ತದೆ. ನಮ್ಮ ಕಡೆಯ ಒಬ್ಬ ಆಚಾರಿಯೂ ಹಾಗೆ ಒತ್ತಿಕೊಂಡಿದ್ದರೆ ಎಂದು ನನಗೆ ಪ್ರತಿ ಸಲ ಅನ್ನಿಸುತ್ತದೆ.

ಯಾಕೆ ಒತ್ತಲಿಲ್ಲ? ಹಳ್ಳಿಯ ವ್ಯವಹಾರ ನೋಡಿದರೆ ಅರ್ಥವಾಗುತ್ತದೆ. ಗಿರಾಕಿಯೇ ಬೆಳ್ಳಿ ತರುತ್ತಿದ್ದ, ಆಚಾರಿಯ ಮನೆ ಜಗಲಿಯಲ್ಲಿ ಕೂತು ಎದುರಿಗೇ ಕರಗಿಸಿಕೊಳ್ಳುತ್ತಿದ್ದ. ಆಚಾರಿ ಊರು ಬಿಟ್ಟು ಓಡುವವನಲ್ಲ, ಅವನ ಅಪ್ಪನೂ ಇದೇ ಮನೆಗೆ ಮಾಡಿಕೊಟ್ಟವನು, ಮಗನೂ ಮಾಡಿಕೊಡುವವನು. ಹುಟ್ಟಿದ ಮಗುವಿಗೆ ಉಡಿದಾರ, ಹಾಲು ಕುಡಿಸಲು ಒಳಲೆ, ಹೆಣ್ಣುಮಕ್ಕಳಿಗೆ ಕಾಲುಂಗುರ, ಲಿಂಗವಂತರಿಗೆ ಕರಡಿಗೆ, ಎಲ್ಲವೂ ಅದೇ ಕುಲುಮೆಯಿಂದ. ಇಷ್ಟು ಹತ್ತಿರದ ವ್ಯವಹಾರದಲ್ಲಿ ಹೆಸರು ಒತ್ತುವ ಅಗತ್ಯ ಯಾರಿಗೂ ಕಾಣಲಿಲ್ಲ.

ಬೆಳ್ಳಿಯ ಗುಣ ತಿಳಿಯಲು ನಾಣ್ಯವೇ ದಾರಿಯಾಗಿತ್ತು, ಅಮೆರಿಕದಲ್ಲಿ ಆದ ಹಾಗೆಯೇ. ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು ಸುಲ್ತಾನ್ ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ, ಅರ್ಧಕ್ಕೆ ಆಬಿದಿ ಎಂದು ಹೆಸರಿಟ್ಟು, ಟಂಕಸಾಲೆಯ ಊರು ಮತ್ತು ವರ್ಷವನ್ನು ಅದರ ಮೇಲೆ ಒತ್ತಿಸಿದ್ದ. 1835ರಿಂದ ಕಂಪನಿಯ ಏಕರೂಪದ ರೂಪಾಯಿ ಬಂತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ, 12 ಪಾಲಿನಲ್ಲಿ 11 ಪಾಲು ಬೆಳ್ಳಿ. ಒಂದು ರೂಪಾಯಿ ಎಂದರೆ ಒಂದು ತೊಲ. ಹೀಗಾಗಿ ‘ಇಪ್ಪತ್ತು ರೂಪಾಯಿ ತೂಕದ ಲೋಟ’ ಎಂಬ ಮಾತು ನಮ್ಮ ಅಜ್ಜಿಯರ ಬಾಯಲ್ಲಿ ಉಳಿದದ್ದು. ರಾಣಿ ವಿಕ್ಟೋರಿಯಾಳ ಮುಖವಿದ್ದ ಇಪ್ಪತ್ತು ರೂಪಾಯಿ ಎಣಿಸಿ ಕೊಟ್ಟರೆ ತೂಕವೂ ಗೊತ್ತು, ಗುಣವೂ ಗೊತ್ತು. ಒರೆಗಲ್ಲಿನ ಕೆಲಸವೇ ಇಲ್ಲ. ಅಮೆರಿಕದ ಕೆಲಸಗಾರರು 19ನೇ ಶತಮಾನದಲ್ಲಿ ಚಮಚಗಳ ಹಿಂದೆ ‘ಕಾಯಿನ್’, ‘ಪ್ಯೂರ್ ಕಾಯಿನ್’ ಎಂದು ಒತ್ತಿದ್ದರ ಅರ್ಥವೂ ಇದೇ, ನಾಣ್ಯದ ಗುಣದ ಬೆಳ್ಳಿ, ಸಾವಿರಕ್ಕೆ 900 ಪಾಲಿನಷ್ಟು. ನಮ್ಮಲ್ಲಿ ಆ ಲೆಕ್ಕ ಕೆಟ್ಟದ್ದು 1940ರಲ್ಲಿ. ಯುದ್ಧಕಾಲದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ನಿಕ್ಕಲ್ ರೂಪಾಯಿ ಬಂದು ನಾಣ್ಯ ಕರಗಿಸುವ ಪದ್ಧತಿಯೇ ಮುಗಿಯಿತು.

ಕುಲುಮೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಮುದ್ರೆಯ ಮಹತ್ವ ಅಲ್ಲೇ ಇರುವುದು. ಒಂದು ಒಳಲೆ ಆಗಬೇಕು ಎನ್ನಿ. ಬೆಳ್ಳಿಯನ್ನು ಮೂಸೆಯಲ್ಲಿಟ್ಟು ಚಿಟಿಕೆ ಬಿಳಿಗಾರ ಉದುರಿಸಿ ಕರಗಿಸುತ್ತಾರೆ. ಬಿಳಿಗಾರ ಕಸವನ್ನು ಎಳೆದುಕೊಂಡು ಮೇಲೆ ತೇಲಿಸುತ್ತದೆ. ಅಚ್ಚಿಗೆ ಹುಯ್ದು ಗಟ್ಟಿ ಮಾಡಿ, ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ತಟ್ಟುತ್ತ ಹೋದರೆ ತಗಡಾಗುತ್ತದೆ. ತಟ್ಟಿದಷ್ಟೂ ಬೆಳ್ಳಿ ಬಿರುಸಾಗುತ್ತದೆ, ಇನ್ನೂ ತಟ್ಟಿದರೆ ಸೀಳುತ್ತದೆ. ಅದಕ್ಕೇ ನಡುನಡುವೆ ಕೆಂಪಗೆ ಕಾಯಿಸಿ ಆರಿಸಿ ಮೆದು ಮಾಡಿಕೊಳ್ಳಬೇಕು. ಬಟ್ಟಲಿನ ಆಕಾರ ಬಂದ ಮೇಲೆ ಮಗುವಿನ ತುಟಿಗೆ ತಾಗುವ ಮೂತಿಯನ್ನು ಎಳೆಯಬೇಕು. ಆ ಅಂಚು ಒರಟಾಗಿದ್ದರೆ ಮಗುವಿನ ಬಾಯಿ ಗೀರುತ್ತದೆ. ಹೀಗಾಗಿ ಅರದಿಂದ ಉಜ್ಜಿ, ಮತ್ತೆ ನಯಗೊಳಿಸಿ, ಬೆರಳಾಡಿಸಿ ನೋಡುತ್ತಾರೆ. ಇದು ಒಂದೇ ತಗಡಿನಲ್ಲಿ ಏಳುವ ಕೆಲಸವಾದ್ದರಿಂದ ಬೆಸುಗೆ ಹೆಚ್ಚು ಬೇಕಿಲ್ಲ.

ಕಾಲುಚೈನಿನ ಲೆಕ್ಕ ಬೇರೆ. ಅದರ ಪ್ರತಿ ಕೊಂಡಿಗೂ, ಪ್ರತಿ ಗೆಜ್ಜೆಗೂ ಬೆಸುಗೆ. ಬೆಸುಗೆಯ ಲೋಹ ಬೆಳ್ಳಿಗಿಂತ ಬೇಗ ಕರಗಬೇಕು, ಆದ್ದರಿಂದ ಅದರಲ್ಲಿ ತಾಮ್ರ, ಸತು ಸೇರಿರುತ್ತದೆ. ಬೆಸುಗೆ ಜಾಸ್ತಿಯಾದಷ್ಟೂ ಒಟ್ಟು ಸಾಮಾನಿನ ಶುದ್ಧತೆ ಇಳಿಯುತ್ತದೆ. ಹಳೇ ಚೈನು ಮಾರಲು ಹೋದಾಗ ‘ಇಷ್ಟೇನಾ’ ಎಂದು ಹೊಟ್ಟೆ ಉರಿದುಕೊಳ್ಳುವವರಿಗೆ ಇದು ತಿಳಿದಿದ್ದರೆ ಒಳ್ಳೆಯದು. ಇನ್ನೊಂದು ಗುಟ್ಟು: ಕಡಿಮೆ ದರ್ಜೆಯ ಬೆಳ್ಳಿಯೂ ಹೊಸದಿದ್ದಾಗ ಬೆಳ್ಳಗೇ ಹೊಳೆಯುತ್ತದೆ. ಕಾಯಿಸಿ, ಹುಳಿಯಲ್ಲೋ ತೆಳು ಆಮ್ಲದಲ್ಲೋ ಅದ್ದಿದರೆ ಮೇಲ್ಮೈಯ ತಾಮ್ರ ಕರಗಿಹೋಗಿ ಬರಿ ಬೆಳ್ಳಿಯ ತೆಳು ಪದರ ಉಳಿಯುತ್ತದೆ. ಬಳಸುತ್ತ ಆ ಪದರ ಸವೆದಾಗಷ್ಟೇ ಒಳಗಿನ ಕೆಂಚು ಇಣುಕುತ್ತದೆ. ಅದಕ್ಕೇ ಅನುಭವಿ ಆಚಾರಿ ಒರೆಗಲ್ಲಿಗೆ ಉಜ್ಜುವ ಮೊದಲು ಮೂಲೆಯಲ್ಲಿ ಚೂರು ಕೆರೆಯುತ್ತಾನೆ. ಕೆಂಪಗೆ ಕಾಯಿಸಿ ಆರಿಸಿಯೂ ನೋಡುತ್ತಾನೆ. ಅಪ್ಪಟ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ, ತಾಮ್ರ ಬೆರೆತದ್ದು ಕಪ್ಪಿಡುತ್ತದೆ. ದೇವರ ಮನೆಯಲ್ಲಿಟ್ಟ ಸಾಮಾನು ಕಪ್ಪಾಗುವುದು ಇದಲ್ಲ. ಅದು ಗಾಳಿಯಲ್ಲಿನ ಗಂಧಕದಿಂದಾಗುವ ಪದರ, ಅಪ್ಪಟ ಬೆಳ್ಳಿಗೂ ಬರುತ್ತದೆ, ವಿಭೂತಿಯಲ್ಲಿ ಉಜ್ಜಿದರೆ ಹೋಗುತ್ತದೆ.

ಇಷ್ಟೆಲ್ಲ ಕಣ್ಣಿಗೆ ಕಾಣದ ಸಂಗತಿಗಳಿರುವ ಕೆಲಸ ಇದು. ಗಿರಾಕಿಗೆ ಸಂಶಯ ಬರುವುದು ಸಹಜ. ಆ ಸಂಶಯ ಎಂಥ ರೂಪ ತಾಳಿತೆಂದರೆ, ಅಕ್ಕನ ಚಿನ್ನವನ್ನೂ ಅಕ್ಕಸಾಲಿಗ ಬಿಡ ಎಂಬ ಗಾದೆ ಹುಟ್ಟಿ ಮನೆಮನೆಯಲ್ಲಿ ಉಳಿಯಿತು. ಈ ಗಾದೆ ಒಂದು ಇಡೀ ಸಮುದಾಯಕ್ಕೆ ಮಾಡಿದ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ರಿವಿಯರನ ಊರಿನಲ್ಲಿ ಯಾರಾದರೂ ಬೆರಕೆ ಮಾಡಿದರೆ ತಳದ ಹೆಸರು ನೋಡಿ ಅವನೊಬ್ಬನನ್ನೇ ಹಿಡಿಯಬಹುದಿತ್ತು. ಗುರುತಿಲ್ಲದ ನಮ್ಮ ಬೆಳ್ಳಿಯಲ್ಲಿ ಒಬ್ಬನ ತಪ್ಪು ಹತ್ತೂರಿನ ಆಚಾರಿಗಳ ಮೇಲೆ ಬಿತ್ತು. ನೂರು ಜನರ ಪ್ರಾಮಾಣಿಕತೆ ಯಾರ ಹೆಸರಿಗೂ ಜಮೆಯಾಗಲಿಲ್ಲ.

ಈ ನೆಲದ ಕುಶಲಕರ್ಮಿಗಳಿಗೆ ಹೆಸರಿನ ಆಸೆಯೇ ಇರಲಿಲ್ಲ, ದೇವರಿಗೆ ಅರ್ಪಿಸಿ ಸುಮ್ಮನಾಗುತ್ತಿದ್ದರು ಎಂದು ಹೇಳುವವರಿದ್ದಾರೆ. ಕೇಳಲು ಚೆಂದ, ಆದರೆ ನಿಜವಲ್ಲ. ನೆಲಮಂಗಲ ತಾಲ್ಲೂಕಿನ ಮಣ್ಣೆ ಇಂದು ಸಣ್ಣ ಊರು. 8ನೇ ಶತಮಾನದಲ್ಲಿ ಅದು ಮಾನ್ಯಪುರ, ಗಂಗರ ದೊರೆ ಶ್ರೀಪುರುಷ ಬೀಡುಬಿಟ್ಟಿದ್ದ ರಾಜಧಾನಿ. ಅಲ್ಲಿಂದ 776ರಲ್ಲಿ ಅವನು ಹೊರಡಿಸಿದ ತಾಮ್ರಪಟವೊಂದು ನಾಗಮಂಗಲ ಸೀಮೆಯಲ್ಲಿ ಸಿಕ್ಕಿದೆ. ಜೈನ ಬಸದಿಗೆ ದತ್ತಿ ಕೊಟ್ಟ ಶಾಸನ ಅದು. ಅದರ ಕೊನೆಗೆ ಬರೆದವನ ಹೆಸರಿದೆ: ವಿಶ್ವಕರ್ಮಾಚಾರ್ಯ. ಬರಿ ಹೆಸರಲ್ಲ, ಅವನ ವಿದ್ಯೆಯ ಹೊಗಳಿಕೆಯಿದೆ, ಅವನಿಗೂ ಭೂಮಿ ಕೊಟ್ಟ ವಿವರವಿದೆ. ಲೋಹದ ಮೇಲೆ ಅಕ್ಷರ ಕೊರೆದವನಿಗೆ ರಾಜಶಾಸನದೊಳಗೇ ಸ್ಥಾನ! ಹೊಯ್ಸಳರ ಕಾಲದಲ್ಲಿ ಬೇಲೂರಿನ ಕಲ್ಲಿನ ಮೇಲೆ ಬಳ್ಳಿಗಾವೆಯ ದಾಸೋಜ, 13ನೇ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ತಮ್ಮ ಹೆಸರುಗಳನ್ನು ತಾವೇ ಕೊರೆದರು. ವಿಜಯನಗರದ ತಾಮ್ರಪಟಗಳ ತುದಿಯಲ್ಲಿ ವೀರಣಾಚಾರ್ಯನಂಥವರ ಹೆಸರು ಮತ್ತೆ ಮತ್ತೆ ಬರುತ್ತದೆ. ಹೆಸರು ಹಾಕಿಕೊಳ್ಳುವ ಅವಕಾಶ ಸಿಕ್ಕ ಕಡೆ ಇವರು ಹಾಕಿಕೊಂಡಿದ್ದಾರೆ. ಬೆಳ್ಳಿ ಸಾಮಾನಿನಲ್ಲಿ ಅವಕಾಶ ಸಿಗಲಿಲ್ಲ, ಅಷ್ಟೇ.

ಹೆಸರು ಒತ್ತಿದ್ದರೂ ಎಷ್ಟು ಉಳಿಯುತ್ತಿತ್ತೋ. ಬೆಳ್ಳಿಗೆ ಶಾಪವಿದ್ದರೆ ಅದು ಮೂಸೆಯದು. 1876ರಿಂದ 78ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು ಈಶ್ವರ ಬರದಲ್ಲಿ ಹೊಟ್ಟೆಗಾಗಿ ಜನ ಮೈಮೇಲಿನ ಒಡವೆ ಮಾರಿದರು. ಬರಪೀಡಿತ ಪ್ರಾಂತಗಳ ಬೆಳ್ಳಿ ಒಡವೆಗಳು ರಾಶಿರಾಶಿಯಾಗಿ ಬೊಂಬಾಯಿಯ ಟಂಕಸಾಲೆ ಸೇರಿ ನಾಣ್ಯವಾದವು. ನಾಣ್ಯದಿಂದ ಒಡವೆ, ಒಡವೆಯಿಂದ ನಾಣ್ಯ. ಬರವಿಲ್ಲದ ಕಾಲದಲ್ಲೂ ಇದು ನಿಲ್ಲಲಿಲ್ಲ. ಗಿರವಿ ಅಂಗಡಿಯಿಂದ ಬಿಡಿಸಿಕೊಳ್ಳಲಾಗದ್ದು ಕರಗಿತು, ಮಗಳ ಮದುವೆಗೆ ಹೊಸ ನಮೂನೆ ಬೇಕೆಂದು ಅಮ್ಮನ ಕಡಗ ಕರಗಿತು. ದೊಡ್ಡಬಳ್ಳಾಪುರದ ಹತ್ತಿರದ ಘಾಟಿ ಸುಬ್ರಹ್ಮಣ್ಯದಲ್ಲಿ ಹರಕೆ ಹೊತ್ತವರು ಹಾಕುವ ಬೆಳ್ಳಿಯ ನಾಗರಹೆಡೆಗಳೂ ಹುಂಡಿ ಎಣಿಕೆಯ ದಿನ ಇಷ್ಟು ಗ್ರಾಂ ಬೆಳ್ಳಿ ಎಂಬ ಲೆಕ್ಕಕ್ಕೆ ಸೇರುತ್ತವೆ. 2025ರಲ್ಲಿ ಬೆಳ್ಳಿ ಕಿಲೋಗೆ ಒಂದು ಲಕ್ಷ ರೂಪಾಯಿ ದಾಟಿ ಮುಂದೆ ಓಡಿದ ಮೇಲೆ ಹಳೇ ಸಾಮಾನು ಮಾರುವ ಆಸೆ ಇನ್ನೂ ಬಲವಾಗಿದೆ. ತೂಕ ನೋಡುವ ಮೊದಲು ಒಂದು ಫೋಟೊವನ್ನಾದರೂ ತೆಗೆದಿಟ್ಟುಕೊಳ್ಳಿ ಎಂದು ಕೈಮುಗಿದು ಕೇಳುತ್ತೇನೆ.

ಆಚಾರಿಗಳಿಗೆ ದೊಡ್ಡ ಪೆಟ್ಟು ಬಿದ್ದದ್ದು 1963ರ ಚಿನ್ನ ನಿಯಂತ್ರಣದ ನಿಯಮಗಳಿಂದ. 14 ಕ್ಯಾರೆಟ್‌ಗಿಂತ ಹೆಚ್ಚಿನ ಚಿನ್ನದ ಒಡವೆ ಮಾಡಬಾರದೆಂದಾಗ ದೇಶದುದ್ದಕ್ಕೂ ಅಕ್ಕಸಾಲಿಗರ ಮನೆಗಳಲ್ಲಿ ಒಲೆ ಆರಿತು, ಎಷ್ಟೋ ಜನ ಪ್ರಾಣ ಕಳೆದುಕೊಂಡರು. ಚಿನ್ನ ನಿಯಂತ್ರಣದ ಕಾನೂನು 1990ರಲ್ಲಿ ರದ್ದಾಗುವ ಹೊತ್ತಿಗೆ ಒಂದು ತಲೆಮಾರು ಕುಲಕಸುಬು ಬಿಟ್ಟು ಬೇರೆ ಕೆಲಸ ಹಿಡಿದಾಗಿತ್ತು. ಇವತ್ತು ದೊಡ್ಡಬಳ್ಳಾಪುರ, ನೆಲಮಂಗಲದ ಬೆಳ್ಳಿ ಅಂಗಡಿಗಳಲ್ಲಿ ತೂಗುಹಾಕಿರುವ ಕಾಲುಚೈನು ತಮಿಳುನಾಡಿನ ಸೇಲಂನದಿರಬಹುದು, ಆಗ್ರಾದ್ದಿರಬಹುದು, ಕೊಲ್ಹಾಪುರ ಜಿಲ್ಲೆಯ ಗಡಿಯೂರು ಹುಪರಿಯದೂ ಇರಬಹುದು. ಬೆಂಗಳೂರಿನ ನಗರ್ತಪೇಟೆ, ಅವೆನ್ಯೂ ರಸ್ತೆಯ ಸಗಟು ಅಂಗಡಿಗಳ ಮೂಲಕ ಬರುತ್ತದೆ. ಎದುರಿಗೆ ಕೂತು ಮಾಡಿಸಿಕೊಳ್ಳುವ ಕಾಲ ಹೋಯಿತು. ಹಳೆಯ ನಂಬಿಕೆಯ ವ್ಯವಸ್ಥೆ ನಿಂತದ್ದೇ ಆ ಎದುರುಬದುರಿನ ಮೇಲೆ. ಈಗ ಗಿರಾಕಿಗೂ ಕೆಲಸಗಾರನಿಗೂ ನಡುವೆ ನೂರಾರು ಮೈಲಿ. ಮುದ್ರೆ ಬೇಕೇ ಬೇಕು.

ಬಂದಿದೆ ಕೂಡ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನಕ್ಕೆ, 2005ರಲ್ಲಿ ಬೆಳ್ಳಿಗೆ ಹಾಲ್‌ಮಾರ್ಕ್ ಶುರುಮಾಡಿತು. 2025ರ ಸೆಪ್ಟೆಂಬರ್ 1ರಿಂದ ಬೆಳ್ಳಿಗೂ ಎಚ್‌ಯುಐಡಿ ಎಂಬ ಆರು ಅಕ್ಷರ-ಅಂಕಿಗಳ ಗುರುತು ಜಾರಿಗೆ ಬಂತು, ಕಡ್ಡಾಯವಾಗಿ ಅಲ್ಲ, ಸ್ವಇಚ್ಛೆಯ ಮೇರೆಗೆ. ಕೊಳ್ಳುವವರು ಮೂರು ಗುರುತು ನೋಡಬೇಕು. ಒಂದು, ಬ್ಯೂರೋದ ತ್ರಿಕೋನ ಮುದ್ರೆ, ಜೊತೆಗೆ ‘ಸಿಲ್ವರ್’ ಎಂಬ ಪದ. ಎರಡು, ಶುದ್ಧತೆಯ ಅಂಕಿ. 925 ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ದರ್ಜೆಗಳು 800ರಿಂದ ಶುರುವಾಗಿ 999ರವರೆಗೆ ಇವೆ. ಮೂರು, ಆ ಆರರ ಗುರುತು. ಅದನ್ನು ಬ್ಯೂರೋದ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಅಂಗಡಿಯ ನೋಂದಣಿ, ಪರೀಕ್ಷಿಸಿದ ಕೇಂದ್ರ, ಸಾಮಾನು ಯಾವ ಬಗೆಯದು ಎಂಬ ವಿವರ ಬರುತ್ತದೆ. ಬರಿ 925 ಎಂಬ ಅಂಕಿ ಮಾತ್ರ ಇದ್ದರೆ ಅದು ಮಾರುವವನ ಮಾತು, ಅಷ್ಟಕ್ಕೇ ನಂಬಬೇಡಿ. ಗೃಹಪ್ರವೇಶದ ಉಡುಗೊರೆಗೆ ಎಲ್ಲರೂ ಕೊಳ್ಳುವ ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಎಳ್ಳಷ್ಟೂ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಬೆರಕೆ. ಹಳೇ ದಂಡಿನ ಕಾಲದ ತಟ್ಟೆ ಚಮಚಗಳ ಹಿಂದೆ ‘ಇ.ಪಿ.ಎನ್.ಎಸ್.’ ಎಂದಿದ್ದರೆ ಅದು ಇದೇ ನಿಕ್ಕಲ್ ಲೋಹಕ್ಕೆ ಬೆಳ್ಳಿಯ ಲೇಪ ಕೊಟ್ಟದ್ದು.

ಈ ಹೊಸ ವ್ಯವಸ್ಥೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ, ಚಿನ್ನದಂತೆ ಬೆಳ್ಳಿಗೂ ಇದು ಕಡ್ಡಾಯವಾಗಲಿ ಎಂದೇ ಬಯಸುತ್ತೇನೆ. ಆದರೆ ಆರು ಅಕ್ಷರಗಳ ಈ ಗುರುತು ಲೋಹದ ಬಗ್ಗೆ ಹೇಳುತ್ತದೆ, ಅಂಗಡಿಯ ಬಗ್ಗೆ ಹೇಳುತ್ತದೆ, ಮಾಡಿದವರ ಬಗ್ಗೆ ಏನೂ ಹೇಳುವುದಿಲ್ಲ. ಹಿಂದಿನ ಹಾಲ್‌ಮಾರ್ಕ್‌ನಲ್ಲಿ ಅಂಗಡಿಯ ಗುರುತಾದರೂ ಸಾಮಾನಿನ ಮೇಲೇ ಇರುತ್ತಿತ್ತು, ಈಗ ಅದೂ ಆ್ಯಪ್‌ನೊಳಗೆ ಸೇರಿದೆ. ಅಮೆರಿಕದ ಕಾನೂನು ಹೋದ ದಾರಿ ಬೇರೆ. ಅಲ್ಲಿ ಬೆಳ್ಳಿ ಸಾಮಾನು ಮಾಡುವ ಗೋರಮ್ ಕಂಪನಿ ಸಿಂಹ, ಲಂಗರು ಮತ್ತು ಒಂದು ಅಕ್ಷರ ಒತ್ತಿ ಇಂಗ್ಲಿಷ್ ಹಾಲ್‌ಮಾರ್ಕ್‌ನ ಹೋಲಿಕೆ ತಂದುಕೊಂಡಿತು. ಟಿಫನಿಯಂಥ ಅಂಗಡಿಗಳು 19ನೇ ಶತಮಾನದ ನಡುವೆ ತಾವಾಗಿಯೇ 925ರ ದರ್ಜೆಗೆ ಬದ್ಧವಾದವು. ಕೊನೆಗೆ 1906ರಲ್ಲಿ ಸುಳ್ಳು ಶುದ್ಧತೆ ಒತ್ತುವುದನ್ನು ದೇಶದಾದ್ಯಂತ ಅಪರಾಧ ಮಾಡಲಾಯಿತು, 1961ರ ತಿದ್ದುಪಡಿಯಲ್ಲಿ ಇನ್ನೊಂದು ಮಾತು ಸೇರಿತು: ಶುದ್ಧತೆಯ ಅಂಕಿ ಒತ್ತಿದವರು ಅದರ ಪಕ್ಕದಲ್ಲಿ ತಮ್ಮ ಹೆಸರು ಅಥವಾ ನೋಂದಾಯಿತ ಗುರುತನ್ನೂ ಒತ್ತಲೇಬೇಕು. ಹಲ್ ಮತ್ತು ಸ್ಯಾಂಡರ್ಸನ್ ರೂಢಿಯಿಂದ ಮಾಡಿದ್ದನ್ನು ಮೂರು ಶತಮಾನದ ಮೇಲೆ ಕಾನೂನು ಹೇಳಿತು.

ನಮ್ಮ ಆಚಾರ್ರು ಇದಕ್ಕೆ ಕಾನೂನಿಗಾಗಿ ಕಾಯಬೇಕಾಗಿಲ್ಲ. ಈಗಲೂ ದೇವರ ಕವಚ, ಪ್ರಭಾವಳಿ, ಉತ್ಸವಮೂರ್ತಿಯ ಕಿರೀಟ ಇವನ್ನು ಯಂತ್ರ ಮಾಡುವುದಿಲ್ಲ. ದೇವರ ಅಳತೆ ನೋಡಿ ಕೈಯಲ್ಲೇ ತಟ್ಟಬೇಕು. ಅಂಥ ಕೆಲಸ ಮಾಡಿಸುವ ದೇವಸ್ಥಾನದ ಸಮಿತಿಯವರು ದಾನಿಗಳ ಹೆಸರನ್ನು ದೊಡ್ಡದಾಗಿ ಕೆತ್ತಿಸುತ್ತಾರೆ, ಅದೇ ತಗಡಿನ ಒಳಬದಿಯಲ್ಲಿ ಮಾಡಿದವರ ಹೆಸರಿಗೂ ಜಾಗವಿದೆ. ಮನೆಗೆ ಮಾಡಿಸುವವರೂ ಅಷ್ಟೆ. ಮಜೂರಿ ಮಾತಾಡುವಾಗಲೇ ‘ಆಚಾರ್ರೇ, ತಳದಲ್ಲಿ ನಿಮ್ಮ ಹೆಸರು, ಊರು, ಇಸವಿ ಹಾಕಿಕೊಡಿ’ ಎಂದು ಹೇಳಿದರೆ ಆಯಿತು. ಉಕ್ಕಿನ ಕಡ್ಡಿಯ ತುದಿಯಲ್ಲಿ ಎರಡಕ್ಷರವನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆದು ಹದ ಹಾಕಿದರೆ ಒತ್ತುಮೊಳೆ ಸಿದ್ಧ, ಒಬ್ಬರ ಆಯುಸ್ಸಿನ ಕೆಲಸಕ್ಕೆಲ್ಲ ಅದೊಂದೇ ಸಾಕು. ಮೊಳೆ ಇಲ್ಲದಿದ್ದರೆ ನಮ್ಮ ಅಜ್ಜಿಯ ಹೆಸರು ಬರೆದ ಚುಕ್ಕೆ ಉಳಿಯೇ ಇದೆಯಲ್ಲ.